ಹದಿಮೂರನೇ ಕಾಲಮ್ಮಿನ ಭೈರಮ್ಮ

ನವೀನ ಒಬ್ಬ ಹೆಂಗಸಿಗೆ ಹನ್ನೊಂದು ಮಕ್ಕಳು ಎಂದು ಸರ್ಕಾರಿ ಫಾರಂನಲ್ಲಿ ಬರೆದುಬಿಟ್ಟ. ಬರೆದದ್ದಷ್ಟೇ ಆಗಿದ್ದರೆ ಗೀಚಿ ಹಾಕಬಹುದಿತ್ತು. ಅವನು ಆಕೆಗೆ ಉಪದೇಶವನ್ನೂ ಮಾಡಿದ.

ಅದು ಎರಡು ಸಾವಿರದ ಏಳನೇ ಇಸವಿ. ಕೊಪ್ಪದಲ್ಲಿ ಬಿ.ಕಾಂ. ಮುಗಿಸಿ, ಮೇಗುಂದದ ಮನೆಯ ಜಗುಲಿಯಲ್ಲಿ ಎರಡು ವರ್ಷ ಕೂತು ಎದ್ದ ನವೀನನಿಗೆ ನರಸಿಂಹರಾಜಪುರದಲ್ಲಿ ದಿನಗೂಲಿ ಲೆಕ್ಕದ ಸಮೀಕ್ಷೆ ಕೆಲಸ ಸಿಕ್ಕಿತ್ತು. ಮುಂದಿನ ಐದು ವರ್ಷ ಮಕ್ಕಳಿಗೂ ಸಂಸಾರಗಳಿಗೂ ಏನು ಬೇಕು ಎಂದು ಜನರನ್ನೇ ಕೇಳಿ, ಅದರ ಮೇಲೆ ಯೋಜನೆ ಮಾಡುವುದಂತೆ. ಇಂಥ ಘನಕಾರ್ಯಕ್ಕೆ ತನ್ನನ್ನು ಆರಿಸಿದ್ದಾರೆಂದರೆ ನಾಡಿನ ಭವಿಷ್ಯ ತನ್ನ ಬಾಲ್‌ಪೆನ್ನಿನ ತುದಿಯಲ್ಲಿದೆ ಎಂದು ಅವನು ನಂಬಿದ್ದ. ಕೊರಳಿಗೆ ತೂಗುಹಾಕಿದ್ದ ಗುರುತಿನ ಚೀಟಿಯನ್ನು ಬಸ್ಸಿನಲ್ಲೂ ತೆಗೆಯುತ್ತಿರಲಿಲ್ಲ. ಅಕ್ಕನ ನಿಶ್ಚಿತಾರ್ಥದ ಫೋಟೋದಲ್ಲೂ ಅದು ಅವನಿಗಿಂತ ಸ್ಪಷ್ಟವಾಗಿ ಬಿದ್ದಿದೆ.

ಕಡಹಿನಬೈಲಿನಿಂದ ಒಳಗೆ ಎರಡು ಮೈಲಿ ನಡೆದರೆ ಮಾವಿನಹಡ್ಲು. ಕೂಲಿಯವರ ಇಪ್ಪತ್ತೊಂಬತ್ತು ಮನೆ. ನವೀನ ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಇಪ್ಪತ್ತೆಂಟು ಮನೆಗೆ ಚಿಲಕ ಬಿದ್ದಿತ್ತು. ಇಪ್ಪತ್ತೊಂಬತ್ತನೆಯದರ ಬಾಗಿಲಲ್ಲಿ ಕಾಲು ನೀಡಿ ಕೂತ ಒಬ್ಬ ಹೆಂಗಸು; ಅಂಗಳದ ತುಂಬ ಮಕ್ಕಳು. ಅವನು ಬೆರಳು ಮಡಿಸಿ ಎಣಿಸಿದ. ಹನ್ನೊಂದು. ತರಬೇತಿಯಲ್ಲಿ, ಜನರಿಗೆ ಮುಜುಗರವಾಗುವ ಪ್ರಶ್ನೆ ಕೇಳಬಾರದು ಎಂದಿದ್ದರು. ಹಾಗಾಗಿ ಗಂಡ ಎಲ್ಲಿ ಎಂದು ಕೇಳಲಿಲ್ಲ. ನೇರವಾಗಿ ಮಕ್ಕಳ ಕಾಲಮ್ಮಿನಲ್ಲಿ ಹನ್ನೊಂದು ಎಂದು ಬರೆದು, ಪೆನ್ನು ಜೇಬಿಗಿಟ್ಟು, ಉಪದೇಶಕ್ಕೆ ಕೂತ.

ಚಿಕ್ಕ ಸಂಸಾರದ ಸುಖ, ಹೆರಿಗೆಯಿಂದ ಹೆರಿಗೆಗೆ ಇರಬೇಕಾದ ಅಂತರ, ತಾಯಿಯ ರಕ್ತಹೀನತೆ, ಒಂದನ್ನೂ ಬಿಡಲಿಲ್ಲ. ಆಗ ಅವನಿಗೆ ಇಪ್ಪತ್ನಾಲ್ಕು. ಮದುವೆಯಾಗದ ಹುಡುಗಿಯರೊಂದಿಗೆ ಎರಡು ವಾಕ್ಯ ನೆಟ್ಟಗೆ ಆಡಿದವನಲ್ಲ. ಹೆಂಗಸು ಗಲ್ಲಕ್ಕೆ ಕೈ ಕೊಟ್ಟು ಕೊನೆಯ ತನಕ ಕೇಳಿದಳು. ನಡುವೆ ಒಂದು ಮಗುವಿನ ಮೂಗು ಒರೆಸಿದ್ದು ಬಿಟ್ಟರೆ ಕದಲಲಿಲ್ಲ.

“ಮುಗೀತಾ?” ಅಂದಳು.

“ಮುಗೀತು.”

“ಕಾಫಿ ಕುಡಿ.”

“ಬೇಡಮ್ಮ, ಡ್ಯೂಟಿ ಮೇಲಿದೀನಿ.”

“ಕುಡಿ ಮಾರಾಯ, ಗಂಟ್ಲು ಒಣಗಿರ್ತದೆ. ನಂಗೆ ಮದ್ವೆನೇ ಆಗ್ಲಿಲ್ಲ.”

ಅವಳೇ ಭೈರಮ್ಮ. ವಯಸ್ಸು ಐವತ್ತೆಂಟು. ಐವತ್ತೆಂಟರ ಹೆಂಗಸಿಗೆ ಮೂರು ವರ್ಷದ ಮಗು ಹೇಗೆ ಎಂಬ ಕೂಡುವ ಕಳೆಯುವ ಲೆಕ್ಕ ಬಿ.ಕಾಂ. ಪದವೀಧರನಿಗೆ ಹೊಳೆದಿರಲಿಲ್ಲ.

ಭೈರಮ್ಮ ಎಂಟು ವರ್ಷದವಳಿದ್ದಾಗಲೇ ಒಡೆಯರ ಮನೆಯ ಕೂಸನ್ನು ಸೊಂಟದ ಮೇಲೆ ಹೊತ್ತವಳು. ಆ ಮನೆಯ ನಾಲ್ಕು ಕೂಸುಗಳನ್ನು ಒಂದಾದ ಮೇಲೊಂದು ಶಾಲೆಯ ಬಾಗಿಲ ತನಕ ಹೊತ್ತು ಮುಟ್ಟಿಸಿದಳು. ಹೊಸಲು ಮಾತ್ರ ತಾನು ದಾಟಲಿಲ್ಲ. ಆಮೇಲೆ ತಮ್ಮ ಪುಟ್ಟಯ್ಯನ ಹೆಂಡತಿ ತೀರಿಕೊಂಡಳು. ಅವನ ಮೂವರನ್ನು ಸಾಕುವಷ್ಟರಲ್ಲಿ, ಹುಡುಗಿ ನೋಡಲು ಬರುವವರು ಬರುವುದನ್ನು ನಿಲ್ಲಿಸಿದ್ದರು. “ಬಂದಿದ್ರು ಇಬ್ರು,” ಎಂದು ಅವಳೇ ಹೇಳುವುದುಂಟು. “ಒಬ್ಬನಿಗೆ ನಾನು ಬ್ಯಾಡ ಅಂದೆ. ಇನ್ನೊಬ್ಬ ನಾನು ಹೇಳೋ ಮೊದ್ಲೇ ಓಡ್ದ.” ನಲವತ್ತು ವರ್ಷ ತೋಟ, ಗದ್ದೆ. ಹಿಂದಿನ ವರ್ಷ ಸೊಪ್ಪಿನ ಹೊರೆ ಹೊತ್ತು ಹಳ್ಳಕ್ಕೆ ಹಾಕಿದ ಮರದ ಸಂಕ ದಾಟುವಾಗ ಜಾರಿ ಬಿದ್ದಳು. ಬಲಗಾಲಿನ ಮಂಡಿ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಕೂತ ಮೂರನೇ ದಿನ ಪಕ್ಕದ ಮನೆಯ ಮಲ್ಲಿಕಾ ಮಗಳು ಭವ್ಯಳನ್ನು ತಂದು, “ಭೈರಕ್ಕ, ಹ್ಯಾಂಗೂ ಕೂತಿದೀಯಲ್ಲ” ಎಂದು ಅಂಗಳಕ್ಕೆ ಬಿಟ್ಟು ಕೆಲಸಕ್ಕೆ ಹೋದಳು. ವಾರದೊಳಗೆ ಹನ್ನೊಂದಾದವು.

ಕಾರಣ ಸುಲಭದ್ದು. ಕೂಲಿ ಕೆಲಸ ಎಂಟಕ್ಕೆ ಶುರು. ದೊಡ್ಡ ಮಕ್ಕಳು ಶಾಲೆಗೆ ಎಂಟಕ್ಕೇ ಹೊರಟುಬಿಡುತ್ತವೆ, ಅಷ್ಟು ದೂರ ನಡೆಯಬೇಕು. ಅಂಗನವಾಡಿಯ ಬೀಗ ತೆಗೆಯುವುದು ಹತ್ತಕ್ಕೆ. ಸಂಜೆ ಶಾಲೆ ಬಿಟ್ಟ ಅಕ್ಕ ಅಣ್ಣಂದಿರು ಬಂದು ಚಿಕ್ಕವರನ್ನು ಕರೆದೊಯ್ಯುತ್ತಾರೆ. ಬೆಳಗಿನ ಆ ಎರಡು ಗಂಟೆ ಮಾತ್ರ ಮಾವಿನಹಡ್ಲಿನ ಮಕ್ಕಳಿಗೆ ಭೈರಮ್ಮನ ಒಂದೂವರೆ ಕಾಲನ್ನು ಬಿಟ್ಟರೆ ದಿಕ್ಕಿಲ್ಲ.

ಅದೂ ಸಾಲದಾಗಿತ್ತು. ನವೀನ ಹೋಗುವುದಕ್ಕೆ ಒಂದು ವಾರದ ಹಿಂದೆ, ಆಗಷ್ಟೇ ಮೂರು ತುಂಬಿದ್ದ ಭವ್ಯ ಬೇಲಿ ನುಸುಳಿ ತೋಟದ ಕೆರೆಯ ದಂಡೆಗೆ ಹೋಗಿ ಕೂತಿದ್ದಳು. ಔಷಧಿ ಹೊಡೆಯಲು ನೀರಿಗೆ ಬಂದವನೊಬ್ಬ ನೋಡಿ ಎತ್ತಿಕೊಂಡು ಬಂದ. ಮಲ್ಲಿಕಾ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ಹೋದಳು. ಹೋಗದಿದ್ದರೆ ಒಲೆ ಹೊತ್ತುವುದಿಲ್ಲ. ಭೈರಮ್ಮ ಎಲ್ಲ ತಾಯಂದಿರನ್ನೂ ಕೂರಿಸಿ ಹೇಳಿದ್ದಳು: “ಅಡಿಕೆ ಕೊಯ್ಲು ಶುರುವಾಗೋ ತನ್ಕ ನೋಡ್ತೀನಿ. ನಂಗೆ ಕೂಗಕ್ಕೆ ಬರ್ತದೆ, ಓಡಕ್ಕೆ ಬರಲ್ಲ. ಅಷ್ಟ್ರೊಳಗೆ ಆ ಬಾಗ್ಲು ಎಂಟಕ್ಕೆ ತೆಗೆಸ್ಕಳಿ.”

ಹತ್ತು ಗಂಟೆಗೆ ಐದು ನಿಮಿಷವಿರುವಾಗ ಅಂಗನವಾಡಿ ಟೀಚರ್ ಸುಲೋಚನಮ್ಮ ಏದುಸಿರು ಬಿಡುತ್ತಾ ಬಂದರು. ಪೇಟೆಯಿಂದ ಬರುವ ಮೊದಲ ಬಸ್ಸು ಇಳಿದು ಎರಡು ಮೈಲಿ ನಡೆದು ಬರಬೇಕು. ನವೀನ ಗುರುತಿನ ಚೀಟಿ ಮುಂದೆ ಮಾಡಿ, ಎಂಟಕ್ಕೆ ಯಾಕೆ ತೆಗೆಯಬಾರದು ಎಂದು ವಿಚಾರಿಸಿದ.

“ನಾನು ಎಂಟಕ್ಕೆ ಬರ್ಬೇಕಾದ್ರೆ ಹಿಂದಿನ್ ದಿನಾನೇ ಹೊರಡ್ಬೇಕು, ಮರಿ.”

“ನೀವು ಬರ್ಬ್ಯಾಡಿ ಟೀಚರೇ,” ಎಂದಳು ಭೈರಮ್ಮ. “ಬೀಗದ್ ಕೈ ಇಲ್ಲಿರ್ಲಿ. ಆಯಾ ಪುಟ್ಟಕ್ಕ ಇದೇ ಕೇರಿಯವ್ಳು. ಎಂಟಕ್ಕೆ ಅವಳು ತೆಗೀತಾಳೆ.”

“ಪುಟ್ಟಕ್ಕಂಗೆ ಬೀಗದ್ ಕೈ ಕೊಡಕ್ಕೆ ನಂಗೇನು ಹೊಟ್ಟೆಕಿಚ್ಚಾ? ಮೇಲಿಂದ ಆರ್ಡರ್ ಬೇಕು. ಆರ್ಡರ್ ಇಲ್ದೆ ಕೊಟ್ಟು, ಒಂದು ಮಗು ಬಿದ್ರೆ ನನ್ನ ಕೆಲ್ಸ ಹೋಗ್ತದೆ.”

“ಈಗ ಕೆರೆಗೆ ಬಿದ್ರೆ?”

ಸುಲೋಚನಮ್ಮ ಮಕ್ಕಳ ಸಾಲು ಕಟ್ಟಿಸಿಕೊಂಡು ಹೊರಟರು. ಕೆಟ್ಟ ಹೆಂಗಸಲ್ಲ. ಹೋಗುವಾಗ ಎರಡು ಮಕ್ಕಳನ್ನು ಎತ್ತಿಕೊಂಡೇ ಹೋದರು.

ಹೀಗೆ ಬೇಕಾದದ್ದು ಒಂದು ಬೀಗದ ಕೈ. ಫಾರಂನಲ್ಲಿ ಅದೊಂದೇ ಇರಲಿಲ್ಲ. ಹೊಸ ಕಟ್ಟಡ, ಕಾಂಪೌಂಡು, ಜಾರುಬಂಡಿ, ಬಣ್ಣದ ಟಿ.ವಿ., ಗೋಡೆಗೆ ಪ್ರಾಣಿಗಳ ಚಿತ್ರ, ಹೀಗೆ ಹನ್ನೆರಡು ಆದ್ಯತೆಗಳು. ಹದಿಮೂರನೆಯದು “ಇತರೆ”. ಅದರ ಮುಂದೆ ವಿವರಿಸಲು ಅರ್ಧ ಇಂಚು ಚುಕ್ಕಿಸಾಲು. ನವೀನ ಅಲ್ಲಿ ಇರುವೆ ಸಾಲಿನಂತೆ “ಬೆಳಿಗ್ಗೆ ಎಂಟಕ್ಕೆ ತೆಗೆಯುವುದು” ಎಂದು ಬರೆದ.

ಅವನು ಮಾಡಬೇಕಿದ್ದದ್ದು ನಲವತ್ತು ಫಾರಂ. ಗುಡ್ಡ ಹತ್ತಿ ಇಳಿದು ಮನೆಮನೆಗೆ ಹೋಗಬೇಕೆಂಬುದು ನಿಯಮ. ಆದರೆ ಹಗಲು ಮನೆಗಳಲ್ಲಿ ಯಾರೂ ಇರುವುದಿಲ್ಲ, ಬೆಳಿಗ್ಗೆ ಏಳೂವರೆಗೆ ಭೈರಮ್ಮನ ಅಂಗಳದಲ್ಲಿ ಕೂತರೆ ತಾಯಂದಿರೇ ಬರುತ್ತಾರೆ, ತಿರುಗುವ ಶ್ರಮವಿಲ್ಲ, ಮೇಲೆ ಬೆಲ್ಲದ ಕಾಫಿ. ಅವನು ಕಡಹಿನಬೈಲಿನ ಪರಿಚಯದವರ ಮನೆಯಲ್ಲಿ ಉಳಿದುಕೊಂಡು, ಮೂರು ಬೆಳಿಗ್ಗೆ ಅಲ್ಲೇ ಜಮಾಯಿಸಿ ಇಪ್ಪತ್ತೊಂಬತ್ತು ಫಾರಂ ತುಂಬಿದ. ಸೋಮಾರಿತನಕ್ಕೆ ಕ್ಷೇತ್ರಕಾರ್ಯ ಎಂಬ ಹೆಸರಿರುವುದು ಅವನಿಗೆ ಆಗ ಇಷ್ಟವಾಯಿತು. ಉಳಿದ ಹನ್ನೊಂದನ್ನು ತೋಟದ ಮನೆಗಳಲ್ಲಿ ಮುಗಿಸಿದ.

ನರಸಿಂಹರಾಜಪುರದ ಕಂಪ್ಯೂಟರಿಗೆ ಚುಕ್ಕಿಸಾಲು ಓದಲು ಬರುತ್ತಿರಲಿಲ್ಲ. ಅದು ಸಂಖ್ಯೆ ಮಾತ್ರ ನುಂಗುತ್ತಿತ್ತು. ಹದಿನೈದು ದಿನದ ಮೇಲೆ ಪಂಚಾಯಿತಿ ಸಭೆಯಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿ ವೆಂಕಟರಮಣ ಬಣ್ಣದ ಚಾರ್ಟು ಬಿಚ್ಚಿದರು. ಹನ್ನೆರಡು ಕಂಬಗಳು ಮೊಳಕೆಯಷ್ಟಿದ್ದವು. ಹದಿಮೂರನೆಯದು ಮಾತ್ರ ಚಾರ್ಟಿನ ತಲೆಗೆ ಮುಟ್ಟಿತ್ತು.

“ನಲವತ್ತು ಕುಟುಂಬದಲ್ಲಿ ಇಪ್ಪತ್ತೊಂಬತ್ತು ಕುಟುಂಬಕ್ಕೆ ಇತರೆ ಬೇಕಂತೆ,” ಎಂದರು ವೆಂಕಟರಮಣ. ಅವರು ಹೊಸದಾಗಿ ವರ್ಗವಾಗಿ ಬಂದವರು, ಊರು ಇನ್ನೂ ಅರ್ಥವಾಗಿರಲಿಲ್ಲ. “ಏನ್ರಿ ಇದು ಇತರೆ? ನಾನು ಮೇಲಕ್ಕೆ ಏನಂತ ಬರೀಲಿ? ಮಕ್ಕಳಿಗೆ ಇತರೆಯನ್ನು ಮಂಜೂರು ಮಾಡಿ ಅಂತಲಾ?”

ಪಂಚಾಯಿತಿ ಅಧ್ಯಕ್ಷ ವಾಸಪ್ಪ ತಕ್ಷಣ ಎದ್ದರು. “ಅದು ಸ್ವಾಗತ ಕಮಾನು ಸಾರ್. ಊರಿನ ಬಾಗಿಲಲ್ಲಿ ಕಮಾನು ಬೇಕು ಅಂತ ಜನ ನನ್ನ ಪೀಡಿಸ್ತಿದಾರೆ.”

“ಕಮಾನಿನಿಂದ ಮಕ್ಕಳಿಗೇನು ಪ್ರಯೋಜನ?”

“ಮಕ್ಕಳೂ ಅದರ ಕೆಳಗೇ ಓಡಾಡ್ತಾರಲ್ಲ ಸಾರ್.”

ಒಬ್ಬ ಸದಸ್ಯರಿಗೆ ಇತರೆ ಎಂದರೆ ಯುವಕ ಸಂಘಕ್ಕೆ ವಾಲಿಬಾಲು. ಇನ್ನೊಬ್ಬರಿಗೆ ತಮ್ಮ ಮನೆ ತನಕ ಟಾರು. ಮಾವಿನಹಡ್ಲಿನವರು ಒಬ್ಬರೂ ಇರಲಿಲ್ಲ. ಸಭೆ ಹನ್ನೊಂದಕ್ಕೆ, ಅವರು ತೋಟದಲ್ಲಿ. ಗೊತ್ತಿದ್ದವನು ನವೀನನೊಬ್ಬನೇ. ಎದ್ದ.

“ಸಾರ್, ಅದು ಬಾಗಿಲು…”

“ಕಮಾನೂ ಬಾಗಿಲೇ ಕಣಯ್ಯ, ಕೂತ್ಕೋ,” ಎಂದರು ವಾಸಪ್ಪ.

ನವೀನ ಕೂತ. ಹನ್ನೊಂದು ಮಕ್ಕಳ ತಾಯಿಗೆ ಅರ್ಧ ಗಂಟೆ ಉಪದೇಶ ಮಾಡಿದ ಬಾಯಿ, ಸಭೆಯಲ್ಲಿ ಮೂರು ಪದಕ್ಕೆ ಮುಚ್ಚಿಹೋಯಿತು. ಬಂದ ಗೋಳಿಬಜೆ ತಿಂದ. ಎರಡನೆಯದನ್ನು ತಿನ್ನುವಾಗ ಕೆರೆಯ ದಂಡೆ ಕಣ್ಣಿಗೆ ಬಂದು, ಅದನ್ನು ಅಲ್ಲೇ ಬಿಟ್ಟು, ಎದ್ದು ಜೀಪಿನ ಹತ್ತಿರ ಹೋಗಿ ನಿಂತ.

“ಸಾರ್, ನಾಳೆ ಬೆಳಿಗ್ಗೆ ಎಂಟಕ್ಕೆ ಮಾವಿನಹಡ್ಲಿಗೆ ಬಂದ್ರೆ ಇತರೆ ಏನು ಅಂತ ತೋರಿಸ್ತೀನಿ.”

ವೆಂಕಟರಮಣರಿಗೂ ಮೇಲಕ್ಕೆ ಇತರೆ ಎಂದು ಬರೆಯುವ ಧೈರ್ಯವಿರಲಿಲ್ಲ. ಬರುತ್ತೇನೆ ಎಂದರು.

ಬಂದರು. ಕಮಾನು ಕೈತಪ್ಪೀತೆಂದು ವಾಸಪ್ಪನವರೂ ಜೊತೆಗೆ ಬಂದರು. ಎಂಟೂ ಹತ್ತು. ಹೆಂಗಸರು ಕತ್ತಿ ಬುಟ್ಟಿ ಹಿಡಿದು ಆಗಲೇ ತೋಟದ ದಾರಿಯಲ್ಲಿದ್ದರು. ಅಂಗನವಾಡಿಗೆ ಅಂಗೈಯಗಲದ ಬೀಗ. ಎಲ್ಲ ನವೀನ ಅಂದುಕೊಂಡ ಹಾಗೆಯೇ ಇತ್ತು. ಚೆನ್ನಾಗಿ ತೋರಿಸಬೇಕೆಂದು ಅವನು ಹೆಮ್ಮೆಯಿಂದ ಭೈರಮ್ಮನ ಅಂಗಳಕ್ಕೆ ಕೈ ಮಾಡಿದ, ಮಾಡಿದ ಕೈ ಅಲ್ಲೇ ನಿಂತಿತು.

ಅಂಗಳದ ಕಂಬಕ್ಕೆ ಹಳೆಯ ಸೀರೆ ಕಟ್ಟಿತ್ತು. ಸೀರೆಯ ಇನ್ನೊಂದು ತುದಿ ಭವ್ಯಳ ಸೊಂಟದಲ್ಲಿತ್ತು. ಅವಳು ಕಂಬ ಸುತ್ತಿ ಸುತ್ತಿ, ಸೀರೆ ಮುಗಿದಾಗ ಕಂಬವನ್ನೇ ತಬ್ಬಿ ನಿಂತು, ಮತ್ತೆ ಉಲ್ಟಾ ಸುತ್ತಿ ಬಿಡಿಸಿಕೊಳ್ಳುತ್ತಾ ನಗುತ್ತಿದ್ದಳು. ಉಳಿದ ಹತ್ತು ಮಕ್ಕಳು ತಮ್ಮ ಸರದಿ ಯಾವಾಗ ಎಂದು ಕೂತಿದ್ದವು. ಬಾಗಿಲಲ್ಲಿ ಭೈರಮ್ಮ, ಮಂಡಿಗೆ ಬಿಸಿ ಎಣ್ಣೆ ಹಚ್ಚುತ್ತಾ. ಮಂಡಿ ಅಡಿಕೆ ಕೊಯ್ಲನ್ನು ಕಾದಿರಲಿಲ್ಲ. ನಾಲ್ಕು ದಿನದಿಂದ ಎದ್ದು ನಿಲ್ಲಲೂ ಆಗುತ್ತಿರಲಿಲ್ಲವಂತೆ.

ವಾಸಪ್ಪ ಮೊದಲು ಬಾಯಿಬಿಟ್ಟರು. “ಏನೇ ಭೈರಮ್ಮ ಇದು! ಸಾಹೇಬ್ರ ಮುಂದೆ ಊರ ಮರ್ಯಾದೆ ತೆಗಿಯಕ್ಕೇ ಕೂತಿದೀಯಾ? ದನ ಕಟ್ಟಿದ ಹಾಗೆ ಕಟ್ಟಿದೀಯಲ್ಲ!”

“ದನಾನ ಸೀರೆಲಿ ಕಟ್ತಾರಾ ಗೌಡ್ರೇ?”

ನವೀನ ಗುರುತಿನ ಚೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟ. ಇತರೆ ತೋರಿಸುತ್ತೇನೆಂದು ಕರೆತಂದು, ತೋರಿಸಿದ್ದು ಇದು. ಇನ್ನು ಭೈರಮ್ಮನ ಮೇಲೆ ಕೇಸು, ತನಗೆ ಮೇಗುಂದದ ಜಗುಲಿ. ಯಾವುದು ಮೊದಲು ಎಂದಷ್ಟೇ ತಿಳಿಯಬೇಕಿತ್ತು.

ವೆಂಕಟರಮಣ ಕಂಬ ನೋಡಿದರು. ತಿರುಗಿ ಅಂಗನವಾಡಿಯ ಬೀಗ ನೋಡಿದರು. ಆಮೇಲೆ ಸ್ವಲ್ಪ ಬಗ್ಗಿ, ದನಿ ತಗ್ಗಿಸಿ ಕೇಳಿದರು:

“ಅಮ್ಮಾ, ಮಗೂನ ಹೀಗೆ ಕಟ್ಟಿ ಹಾಕೋದು ತಪ್ಪು ಅಂತ ನಿಮಗೆ ಅನ್ನಿಸಲ್ವಾ?”

ಭೈರಮ್ಮ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ತಪ್ಪೇ ಸ್ವಾಮಿ. ನೀವು ಎಂಟಕ್ಕೆ ಆ ಬಾಗ್ಲು ತೆಗೆಸಿ, ನಾನು ಗಂಟು ಬಿಚ್ತೀನಿ. ಅಲ್ಲೀ ತನ್ಕ ಬಿಚ್ಚಲ್ಲ.”