ಹೆಸರು ಕೇಳದ ಮನೆ

ತುಮಕೂರಿನಲ್ಲಿ ಹತ್ತಿದ ಬಸ್ಸು ಕಿಬ್ಬನಹಳ್ಳಿ ಕ್ರಾಸ್ ಮುಟ್ಟುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಊರು, ಜಾತಿ, ಮದುವೆ, ಮದುವೆ ಯಾಕಾಗಲಿಲ್ಲ ಎಂಬುದನ್ನೆಲ್ಲ ಕೇಳಿ ಮುಗಿಸಿದ್ದಳು. "ಕಿರಿಸ್ತಾನ್ರಾ? ಆಗ್ಲಿ ಬುಡಿ, ಎಲ್ಲಾರೂ ಮನುಷ್ಯರೇ ಕಣ್ರೀ" ಎಂದು ಸಮಾಧಾನವನ್ನೂ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಮಂಗಳೂರು ಕಡೆ ನಾವು ನೆರೆಮನೆಯವರನ್ನೂ ಹೀಗೆ ತಡಕುವುದಿಲ್ಲ, ಮಾರಾಯ್ರೆ.

ತೊಂಬತ್ತರ ದಶಕದ ಕೊನೆಯ ಮಾತಿದು. ಹೊಲಿಗೆ ಟೀಚರ್ ಕೆಲಸ ಬಿಟ್ಟು, ದಿಕ್ಕಿಲ್ಲದವರಿಗೆ ಊಟ ಹಾಕಿ ಮಲಗಲು ಜಾಗ ಕೊಡುವ ನಮ್ಮ ಕೆಥೋಲಿಕರ ಮನೆಗಳನ್ನು ನೋಡುತ್ತ ತಿರುಗುತ್ತಿದ್ದೆ. ಬೆಂಗಳೂರಿನದನ್ನು ನೋಡಿಯಾಗಿತ್ತು. ತಿಪಟೂರಿನ ಹೊರಗೆ, ತೋಟವೊಂದರ ಅಂಚಿನಲ್ಲಿದ್ದ ಈ ಮನೆಗೆ ಬಂದದ್ದು ಒಂದು ವಾರಕ್ಕೆಂದು. ಸಿಸ್ಟರ್ ಲೀನಾ ಒಬ್ಬರೇ ಅಷ್ಟೂ ಜನಕ್ಕೆ ಬೇಯಿಸುತ್ತಿದ್ದರು. ನನ್ನ ಕೈಗೊಂದು ಸೌಟು ಕೊಟ್ಟರು, ಆ ವಾರ ಮುಗಿಯಲೇ ಇಲ್ಲ.

ಎಲ್ಲಿ ನೋಡಿದರೂ ತೆಂಗು. ನಮ್ಮಲ್ಲಿ ಕಾಯಿ ಬಿದ್ದ ದಿನವೇ ಅರೆಯುವ ಕಲ್ಲಿಗೆ ಹೋಗುತ್ತದೆ. ಇಲ್ಲಿ ಅದು ಅಟ್ಟ ಹತ್ತಿ, ವರ್ಷವಿಡೀ ಕೂತು, ಕೊಬ್ಬರಿಯಾಗಿ ಮಾರುಕಟ್ಟೆಗೆ ಇಳಿಯಬೇಕು. ಸಾರಿಗೆಂದು ಧಾರಾಳವಾಗಿ ಕಾಯಿ ಒಡೆದರೆ ಸಿಸ್ಟರೇ ನನ್ನ ಮುಖ ನೋಡುತ್ತಿದ್ದರು. ನಮ್ಮೂರ ಗಂಜಿ ಬಡಿಸಿದೆ. "ನಂಗೇನು ಜ್ವರ ಬಂದೈತಾ?" ಎಂದು ಒಬ್ಬ ಮುದುಕ ತಟ್ಟೆ ತಳ್ಳಿದ. ಕೊನೆಗೆ ರಾಗಿಮುದ್ದೆ ತಿರುವಲು ಕಲಿತೆ. ಗಂಟಿಲ್ಲದ ಮೊದಲ ಮುದ್ದೆ ಎದ್ದ ದಿನ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಆ ಮನೆಯ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಬಂದವರ ಹೆಸರು, ಊರು, ಜಾತಿ ಕೇಳಬಾರದು. ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಹೇಳಲೂಬಾರದು. ಗಂಡನ ಹೊಡೆತಕ್ಕೆ ಓಡಿ ಬಂದ ಹೆಂಗಸರಿದ್ದರಲ್ಲ. ಸದ್ಯ, ಇಲ್ಲಾದರೂ ಮರ್ಯಾದೆ ಉಂಟು ಎಂದುಕೊಂಡೆ.

ರೈಲ್ವೆ ಸ್ಟೇಷನ್ನಿನಲ್ಲಿ ಜ್ವರದಿಂದ ಬಿದ್ದಿದ್ದ ಹೆಂಗಸೊಬ್ಬಳನ್ನು ಒಂದು ದಿನ ಆಟೋದವನು ತಂದು ಬಿಟ್ಟ. ಐವತ್ತು ದಾಟಿರಬಹುದು, ಮೈಮೇಲೆ ಕರಿ ಕಂಬಳಿ. ಡಾಕ್ಟರಿಗೆ ತೋರಿಸಿದೆವು, ಎದೆ ಪೂರ್ತಿ ಕೆಟ್ಟಿದೆ ಎಂದರು. ಅಮ್ಮ ಎಂದು ಕರೆದು ಆರೈಕೆ ಮಾಡಿದೆವು. ಏನೂ ಕೇಳಲಿಲ್ಲ.

ಎರಡನೆಯ ವಾರ ಗೇಟಿಗೆ ಒಬ್ಬಳು ಬಂದಳು. "ನಾನು ಹೊನ್ನವಳ್ಳಿ ರತ್ನ ಕಣಕ್ಕ. ನಮ್ಮವ್ವ ಕರಿಯಮ್ಮ ಜಗಳ ಆಡ್ಕಂಡು ಮನೆ ಬಿಟ್ಟು ಹೋಗವ್ಳೆ. ಇಲ್ಲೇನಾದ್ರೂ ಬಂದವ್ಳಾ?" ಹಿಂದಿನ ತಿಂಗಳಷ್ಟೇ ಒಬ್ಬ ಗಂಡ, ಓಡಿ ಬಂದ ಹೆಂಡತಿಯನ್ನು ಪತ್ತೆ ಹಚ್ಚಲು, ತನ್ನ ತಂಗಿಗೆ ಹೀಗೇ ಸುಳ್ಳು ಹೇಳಿಕೊಟ್ಟು ಕಳಿಸಿದ್ದ. "ನಾವು ಹೆಸರು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ" ಎಂದು ಗೇಟು ಹಾಕಿದೆ. ಹೆಮ್ಮೆಯಿಂದಲೇ ಹಾಕಿದೆ. ಒಳಗೆ ಹೋಗಿ ಕರಿಯಮ್ಮ ಯಾರೆಂದು ಒಂದು ಮಾತು ಕೇಳಬಹುದಿತ್ತು. ಅದೂ ಕಟ್ಟಳೆ ಮೀರಿದಂತೆ ಎಂದು ಸುಮ್ಮನಾದೆ.

ಹತ್ತು ದಿನದ ಮೇಲೆ, ಆ ಕಂಬಳಿಯ ಹೆಂಗಸಿಗೆ ಮುದ್ದೆ ಕಿವುಚಿ ತಿನ್ನಿಸುತ್ತಿದ್ದೆ. ಆಕೆ ನನ್ನ ಕೈ ತಡೆದಳು.

"ಇಷ್ಟ್ ದಿನ ಅನ್ನ ಇಕ್ಕಿದ್ರಿ. ಯಾವೂರವ್ವ, ಯಾರ ಪೈಕಿ ಅಂತ ಒಬ್ರೂ ಕೇಳ್ಲಿಲ್ಲ. ನಾಯಿಗೂ ಅನ್ನ ಇಕ್ತಾರೆ ಕಣವ್ವ."

ತಟ್ಟೆ ಕೆಳಗಿಟ್ಟೆ. "ಯಾವೂರು?" ಎಂದೆ.

"ಹುಟ್ಟಿದ್ದು ಹುಳಿಯಾರ್ ತಾವ ಹಟ್ಟಿ. ಈಗ ಹೊನ್ನವಳ್ಳೀಲಿ ಮಗಳ ಮನೆ. ರತ್ನ ಅಂತ. ಬಾಯಿಗ್ ಬಂದಂಗೆ ಬೈದು ಬಂದ್ಬುಟ್ಟೆ."

"ನೀವೇ ಹೇಳಬಹುದಿತ್ತಲ್ಲ?"

"ಕೇಳ್ದೆ ಹೆಂಗವ್ವ ಹೇಳೋದು? ಯಾರಿಗ್ ಬೇಕಾಗೈತೆ ಅಂದ್ಕಂಡೆ. ಒಂದ್ ಕಿತ ಅವಳನ್ನ ಕರೆಸ್ತೀಯಾ?"

ಸಿಕ್ಕ ಬಸ್ಸು ಹತ್ತಿ ಹೊನ್ನವಳ್ಳಿಗೆ ಓಡಿದೆ. ರತ್ನಳ ಮನೆಗೆ ಬೀಗ. ಅವ್ವನನ್ನು ಯಾರೋ ಯಶವಂತಪುರದಲ್ಲಿ ಕಂಡೆವೆಂದರಂತೆ, ಗಂಡ ಹೆಂಡತಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದರು. ಎಲ್ಲಿ ಇಳಿದುಕೊಂಡಿದ್ದಾರೋ ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಮೊಬೈಲ್ ಇಲ್ಲದ ಕಾಲ. ಚೀಟಿ ಬರೆದುಕೊಟ್ಟು ಬಂದೆ. ಬೇರೇನು ಮಾಡಲಿ?

ಮೂರು ದಿನ ಗೇಟು ಸದ್ದಾದಾಗಲೆಲ್ಲ ಕರಿಯಮ್ಮ ತಲೆ ಎತ್ತಿದಳು. "ಬರ್ತಾಳೆ" ಎಂದೆ. ಅವಳು ನಂಬಿದಳು. ನಾಲ್ಕನೆಯ ದಿನ ಬೆಳಿಗ್ಗೆ ತೀರಿಹೋದಳು. ಒಂದು ದಿನ ಕಾದೆವು, ಆಮೇಲೆ ಕಾಯಲಾಗಲಿಲ್ಲ. ಫಾದರ್ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಸ್ಮಶಾನದ ಮೂಲೆಯಲ್ಲಿ ಜಾಗ ಕೊಟ್ಟರು.

ರತ್ನ ಬಂದದ್ದು ಅದರ ಮರುದಿನ.

"ಅವತ್ತು ನಾನು ಬಂದಾಗ ಒಳಗೇ ಇದ್ಲಾ?" ಎಂದಳು.

"ಇದ್ದಳು" ಎಂದೆ.

ಅವಳು ಬೈಯಲಿಲ್ಲ. ಹಸಿ ಮಣ್ಣಿನ ಮೇಲೆ ಕೂತು ಅತ್ತಳು, ಎದ್ದು ಹೋದಳು.

ನವೆಂಬರಿನಲ್ಲಿ ನಮ್ಮವರಿಗೆ ಸತ್ತವರನ್ನು ನೆನೆಯುವ ದಿನ. ಊರಿನಿಂದ ಅಕ್ಕನ ಫೋನು: "ಅಪ್ಪ ಅಮ್ಮನ ಗೋರಿಗೆ ಮೇಣದಬತ್ತಿ ಇಡಲಿಕ್ಕೂ ಬರುವುದಿಲ್ಲವಾ? ಅಲ್ಲಿ ಯಾರಿದ್ದಾರೆ ನಿನಗೆ?" ಸಂಜೆ ಕರಿಯಮ್ಮನ ಹತ್ತಿರ ಹೋದರೆ ರತ್ನ ಆಗಲೇ ಕೂತಿದ್ದಳು. ನಾನು ಬತ್ತಿ ಹಚ್ಚಿಟ್ಟೆ. ಅವಳು ಅದನ್ನು ಆರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಮಂಗಳೂರಿಗೆ ಹೋಗುವ ದಾರಿ ನನಗೆ ಗೊತ್ತು. ಮನಸ್ಸು ದಿನಾ ಹೊರಡುತ್ತದೆ. ರತ್ನ ಒಂದು ಸಲ ಬಾಯಿಬಿಟ್ಟು ಬೈದರೆ ನಾನೂ ಹೊರಟೇನು.