ಬಿಸಿಲು ಕಾಣದ ಅರಿವೆ

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಇಳಕಲ್ಲಿನಲ್ಲಿ, ಹದಿನಾಲ್ಕರ ನನಗೆ, ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಕೆ ಶುರುವಾಯಿತು. ಅವ್ವ ಯಾರಿಗೂ ಸುಳಿವು ಕೊಡದೆ ಬೇವಿನ ತಪ್ಪಲು ಕುದಿಸಿ, ಆ ನೀರಿನಲ್ಲಿ ದಿನಾ ತೊಳೆದುಕೊಳ್ಳಲು ಹೇಳಿದಳು. ಮೈಗೆ ಕಸುವು ಬರಲೆಂದು ಅಮೃತಬಳ್ಳಿಯ ಕಷಾಯ ಕುಡಿಸಿದಳು. ನಾಲ್ಕು ದಿನ ಕಡಿಮೆಯಾಗುತ್ತಿತ್ತು. ಮುಟ್ಟಾದೊಡನೆ ಮತ್ತೆ ಉರಿ.

"ಬೆಲ್ಲ ಕದ್ದು ತಿಂದಿರಬೇಕು ನೀ, ಪಥ್ಯ ಮುರದಿ" ಎಂದು ಬೈದಳು. ನಾನು ತಿಂದ ಆ ಬೆಲ್ಲ ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ.

ಕೊನೆಗೆ ಹುನಗುಂದದ ದವಾಖಾನೆಗೆ ಹೋದೆವು. ನರ್ಸಬಾಯಿ ಕೇಳಿದ್ದು ಒಂದೇ ಮಾತು: "ಮುಟ್ಟಿನ ಅರಿವಿ ಎಲ್ಲಿ ಒಣಗಿಸ್ತೀರಿ?"

ಅವ್ವ ನೆಲ ನೋಡುತ್ತ ಹೇಳಿದಳು: "ಹಿತ್ತಲ ಕೋಲ್ಯಾಗ, ಕುಳ್ಳಿನ ಹಿಂದರಿ. ಗಂಡಸರ ಕಣ್ಣಿಗೆ ಬೀಳಬಾರದಲ್ರಿ."

ಬೆರಣಿ ಒಟ್ಟಿದ್ದ ಆ ಕತ್ತಲ ಕೋಣೆಯಲ್ಲಿ ಅರಿವೆ ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಹಸಿಯಾಗಿದ್ದಂತೆಯೇ ಕಟ್ಟಿಕೊಳ್ಳುತ್ತಿದ್ದೆ.

ನರ್ಸಬಾಯಿ ಹಚ್ಚಿಕೊಳ್ಳಲು ನೀಲಿ ಔಷಧ ಕೊಟ್ಟಳು. "ಅರಿವಿ ಬಿಸಲಾಗ ಹಾಕ್ರಿ. ಇಲ್ಲಾಂದ್ರ ಯಾವ ಬೇವೂ ನಡಿಯಂಗಿಲ್ಲ" ಎಂದಳು.

ಮರುದಿನ ಅವ್ವ ಅಂಗಳದ ಹಗ್ಗಕ್ಕೆ ನನ್ನ ಅರಿವೆ ಹಾಕಿದಳು. ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಆಮೇಲೆ ಅವಳು ಆಚೆ ಈಚೆ ನೋಡಿ, ಅದರ ಮೇಲೆ ತನ್ನ ದಪ್ಪ ಸೀರೆ ಹರವಿದಳು.

ಬಿಸಿಲೆಲ್ಲ ಸೀರೆಗೇ ಬಿತ್ತು.