ವಾರಸುದಾರರಿಲ್ಲದವರಿಗೆ ಒಬ್ಬ ಅರ್ಜಿಯಕ್ಕ

ಬೆಳಗಿನ ಐದೂಮುಕ್ಕಾಲು. ದೊಡ್ಡಾಸ್ಪತ್ರೆಯ ಹಿಂಬದಿಯ ಓಣಿ. ಶವಾಗಾರದ ಎದುರಿಗಿರುವ ಎರಡು ಕೋಣೆಗಳ ಕಚೇರಿಯಲ್ಲಿ ಆಗಲೇ ದೀಪ ಹತ್ತಿದೆ. ಐವತ್ತಾರು ದಾಟಿದ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿ, ಅರ್ಜಿ ನಮೂನೆಯೊಂದನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ‘ನಿಮ್ಮ ಯೋಜನೆಯಿಂದ ಫಲಾನುಭವಿಯ ಬದುಕಿನಲ್ಲಾಗುವ ಬದಲಾವಣೆಯನ್ನು ನೂರೈವತ್ತು ಪದಗಳಿಗೆ ಮೀರದಂತೆ ವಿವರಿಸಿ.’ ಓದಿ ಮುಗಿಸಿ ನನ್ನ ಕಡೆ ತಿರುಗುತ್ತಾರೆ.

“ಎಲ್ಲಾ ಫಾರಂನಲ್ಲೂ ಈ ಪ್ರಶ್ನೆ ಇದ್ದೇ ಇರುತ್ತೆ ನೋಡಿ. ನಮ್ಮ ಫಲಾನುಭವಿ ಬದುಕೇ ಇಲ್ಲ. ಅದನ್ನ ಹೇಳೋಕೆ ಎರಡು ಪದ ಸಾಕು. ಮಿಕ್ಕ ನೂರನಲವತ್ತೆಂಟು ಪದಕ್ಕೆ ಏನು ಬರೀಲಿ?”

ನಗುತ್ತಲೇ ಹೇಳುತ್ತಾರೆ. ಆದರೆ ಕೈ ಆಗಲೇ ಕೀಲಿಮಣೆಯ ಮೇಲಿದೆ.

ಓಣಿಯವರೆಲ್ಲ ಇವರನ್ನು ಕರೆಯುವುದು ಅರ್ಜಿಯಕ್ಕ ಎಂದು. ಇವರು ದುಡಿಯುವ ಸಂಸ್ಥೆಯದು ಯಾರೂ ಮೇಲೆ ಬಿದ್ದು ಮಾಡುವ ಕೆಲಸವಲ್ಲ. ಬಸ್ ನಿಲ್ದಾಣದಲ್ಲೋ ಸೇತುವೆಯ ಕೆಳಗೋ ಆಸ್ಪತ್ರೆಯ ಹಾಸಿಗೆಯಲ್ಲೋ ಸತ್ತು, ಕಾದರೂ ಯಾರೂ ಕೇಳಿಕೊಂಡು ಬಾರದ ದೇಹಗಳನ್ನು ಪೊಲೀಸರಿಂದ ಪಡೆದು ಮಣ್ಣು ಮಾಡುವುದು. ಮಣ್ಣು ಮಾಡುವ ಮೊದಲು ಮುಖದ ಫೋಟೊ ತೆಗೆದು, ಮಚ್ಚೆ, ಗಾಯದ ಕಲೆ, ಹಲ್ಲು ಎಲ್ಲವನ್ನೂ ಬರೆದಿಡುತ್ತಾರೆ. ಮೈಮೇಲಿನ ಬಟ್ಟೆ ಒಗೆದು, ಒಣಗಿಸಿ, ಪೊಟ್ಟಣ ಕಟ್ಟಿ ಕಪಾಟಿನಲ್ಲಿಡುತ್ತಾರೆ. ಪೊಟ್ಟಣದ ಮೇಲೊಂದು ನಂಬರು, ಗುಂಡಿಯ ಮೇಲಿನ ತಗಡಿಗೂ ಅದೇ ನಂಬರು. ಆಮೇಲೆ ಮನೆಯವರ ಹುಡುಕಾಟ. ಇಷ್ಟಕ್ಕೂ ಇರುವವರು ಮೂವರೇ: ಸಂಸ್ಥೆ ಕಟ್ಟಿದ ನಿವೃತ್ತ ಆಂಬುಲೆನ್ಸ್ ಚಾಲಕ, ನಿವೃತ್ತ ದಾದಿ, ಮತ್ತು ಇಷ್ಟೆಲ್ಲ ನಡೆಯಲು ಬೇಕಾದ ಅನುದಾನವನ್ನು ಎಲ್ಲಿಂದಾದರೂ ತರಬೇಕಾದ ಅರ್ಜಿಯಕ್ಕ.

ಹತ್ತು ಗಂಟೆಗೆ ಅವರು ನ್ಯಾಯಾಲಯದ ಬಳಿಯ ಟೈಪಿಂಗ್ ಅಂಗಡಿಯಲ್ಲಿರಬೇಕು. ಮನೆ ನಡೆಯುವುದು ಅದರಿಂದ. ಹಾಗಾಗಿ ಅರ್ಜಿಗಳಿಗೆ ಸಿಗುವುದು ಬೆಳಗಿನ ನಾಲ್ಕು ತಾಸು ಮಾತ್ರ. ಹನ್ನೊಂದು ವರ್ಷಗಳಲ್ಲಿ ಇನ್ನೂರ ಹದಿನಾಲ್ಕು ಅರ್ಜಿ ಬರೆದಿದ್ದಾರೆ. ಮೂವತ್ತೊಂದಕ್ಕೆ ‘ಆಗಲಿ’ ಎಂಬ ಉತ್ತರ ಬಂದಿದೆ. ಉಳಿದವುಗಳಲ್ಲಿ ಅರ್ಧಕ್ಕೆ ಉತ್ತರವೇ ಇಲ್ಲ.

ಮೇಜಿನ ಮೇಲೆ ಅಂಚು ಸವೆದ ದಪ್ಪ ನೋಟ್‌ಬುಕ್ ಇದೆ. ಪುಟಕ್ಕೊಂದು ದತ್ತಿ ಸಂಸ್ಥೆ, ಅದರ ಕೆಳಗೆ ಷರಾ. ‘ಇವರಿಗೆ ಮಕ್ಕಳು ಮಾತ್ರ.’ ‘ಇವರು ಫೋನ್ ಎತ್ತುತ್ತಾರೆ.’ ‘ಕಟ್ಟಡಕ್ಕೆ ಕೊಡುತ್ತಾರೆ, ಸಂಬಳಕ್ಕೆ ಇಲ್ಲ.’ ‘ಕೇಳಬೇಡ. ಅವಮಾನ.’

“ಮೊದಲು ಎಲ್ಲರಿಗೂ ಒಂದೇ ಅರ್ಜಿ ಕಳಿಸ್ತಿದ್ದೆ. ಪೆದ್ದುತನ,” ಎನ್ನುತ್ತಾರೆ. “ಈಗ ಹೋದ ವರ್ಷ ಅವರು ಯಾರ್‍ಯಾರಿಗೆ ಕೊಟ್ಟಿದಾರೆ ಅನ್ನೋ ಪಟ್ಟಿ ಮೊದಲು ಓದ್ತೀನಿ. ಆಮೇಲೆ ಫೋನ್ ಮಾಡಿ, ‘ನಮ್ಮದು ಇಂಥ ಕೆಲಸ, ಅರ್ಜಿ ಹಾಕಬಹುದಾ’ ಅಂತ ಕೇಳ್ತೀನಿ. ಶವ ಅಂದ ತಕ್ಷಣ ಆ ಕಡೆ ಮಾತು ನಿಂತು ಹೋಗುತ್ತೆ. ಎಷ್ಟು ಹೊತ್ತು ನಿಂತಿತು ಅನ್ನೋದರ ಮೇಲೆ ಅರ್ಜಿ ಬರೀಬೇಕೋ ಬೇಡವೋ ಅಂತ ನನಗೆ ಗೊತ್ತಾಗುತ್ತೆ.”

ಅರ್ಜಿಯಕ್ಕ ಈ ಓಣಿಗೆ ಬಂದದ್ದು ಕೆಲಸ ಕೇಳಿಕೊಂಡಲ್ಲ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಮನೆಯಲ್ಲಿ ಅಮ್ಮ, ಅಣ್ಣ, ತಾನು. ಅಣ್ಣ ಕುಡಿಯುತ್ತಿದ್ದ. ಒಂದು ಮಧ್ಯಾಹ್ನ ಮನೆಯಲ್ಲಿ ದೊಡ್ಡ ಜಗಳವಾಯಿತು. ಸ್ವೆಟರ್ ಹಾಕಿಕೊಂಡು ಹೊರಟವನು ತಿರುಗಿ ಬರಲಿಲ್ಲ. ಒಂದಲ್ಲ ಎರಡಲ್ಲ, ಹದಿನಾಲ್ಕು ವರ್ಷ. ಅಷ್ಟೂ ವರ್ಷ ಅಮ್ಮ ಆ ತೇವ ಹಿಡಿದ ಬಾಡಿಗೆ ಮನೆ ಬಿಡಲು ಒಪ್ಪಲಿಲ್ಲ. ಎಲ್ಲರ ಕೈಗೂ ಮೊಬೈಲ್ ಬಂದರೂ ಮೂಲೆಯ ಹಳೆಯ ಫೋನ್ ತೆಗೆಸಲು ಬಿಡಲಿಲ್ಲ. ‘ಅವನಿಗೆ ಗೊತ್ತಿರೋದು ಈ ನಂಬರು ಒಂದೇ’ ಎನ್ನುವುದೇ ಅವರ ವಾದ.

ಆ ಫೋನ್ ಒಂದು ದಿನ ರಿಂಗಾಯಿತು. ಆ ಕಡೆ ಇದ್ದವರು ಈ ಕಚೇರಿಯ ದಾದಿ. ನಾಲ್ಕು ತಿಂಗಳ ಹಿಂದೆ ಮಣ್ಣು ಮಾಡಿದ್ದ ವ್ಯಕ್ತಿಯೊಬ್ಬನ ಜೇಬಿನಲ್ಲಿ ಅವರಿಗೆ ಒಂದು ಚೀಟಿ ಸಿಕ್ಕಿತ್ತು. ಅದರಲ್ಲಿ ಫೋನ್ ನಂಬರ್. ಕೊನೆಯ ಅಂಕಿ ಮಾತ್ರ ನೀರು ಬಿದ್ದು ಅಳಿಸಿತ್ತು. ದಾದಿ ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಅಂಕಿ ಹಾಕಿ ನೋಡಿದರು. ಏಳು ಹಾಕಿದಾಗ ಎತ್ತಿದ್ದು ಅಮ್ಮ.

“ಸ್ವೆಟರ್ ತಗೊಂಡು ಹೋಗೋಕೆ ಅಂತ ನಾನು ಬಂದೆ,” ಎಂದು ಅರ್ಜಿಯಕ್ಕ ಮೆಲ್ಲಗೆ ಹೇಳುತ್ತಾರೆ. “ಮೊಣಕೈ ಹತ್ರ ನಾನೇ ಹಾಕಿದ್ದ ಹೊಲಿಗೆ. ಬೇರೆ ಬಣ್ಣದ ದಾರದಲ್ಲಿ ಹಾಕಿದ್ದೆ. ಅವತ್ತು ಅದಕ್ಕೆ ಬೈದಿದ್ದ. ನೋಡಿದ ಕೂಡಲೇ ಗೊತ್ತಾಯ್ತು. ಕೂತ್ಕೊಂಡೆ. ಎದುರಿಗೆ ಡ್ರೈವರಣ್ಣ ಎರಡೇ ಬೆರಳಲ್ಲಿ ಏನೋ ಅರ್ಜಿ ಕುಟ್ತಾ ಇದ್ದ. ಮೊದಲ ಸಾಲಲ್ಲೇ ಮೂರು ತಪ್ಪು. ಅಂಥ ಹೊತ್ತಲ್ಲೂ ನನ್ನ ಕಣ್ಣು ಅಲ್ಲಿಗೇ ಹೋಯ್ತು ನೋಡಿ. ಎದ್ದು ಹೋಗಿ ತಿದ್ದಿದೆ. ಮಾರನೇ ದಿನವೂ ಬಂದೆ.”

ಡ್ರೈವರಣ್ಣನೆಂದರೆ ಆ ನಿವೃತ್ತ ಚಾಲಕ. ಅಣ್ಣನ ಕಥೆಯನ್ನು ಅರ್ಜಿಯಲ್ಲಿ ಬರೆಯಿರಿ, ಓದಿದವರ ಮನಸ್ಸು ಕರಗುತ್ತದೆ ಎಂದು ಅವರು ವರ್ಷಗಟ್ಟಲೆ ಹೇಳಿದರು. ಅರ್ಜಿಯಕ್ಕ ಕಡ್ಡಿ ತುಂಡು ಮಾಡಿದಂತೆ ‘ಆಗಲ್ಲ’ ಎಂದರು. “ನಮ್ಮಣ್ಣನ್ನ ತೋರಿಸಿ ಕೈಯೊಡ್ಡಲ್ಲ ಅಂದೆ.”

ಮೂರು ವರ್ಷದ ಹಿಂದೆ ವ್ಯಾನಿನ ಖರ್ಚು ನೋಡಿಕೊಳ್ಳುತ್ತಿದ್ದ ಅನುದಾನ ಮುಗಿಯಿತು. ಬೇರೊಂದು ದೊಡ್ಡ ದತ್ತಿ ಸಂಸ್ಥೆಗೆ ಅರ್ಜಿ ಹೋಯಿತು. ಅಲ್ಲಿಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಕಪಾಟು, ರಿಜಿಸ್ಟರ್ ಎಲ್ಲ ನೋಡಿ, ಹೊರಡುವಾಗ ಕೇಳಿದರು: “ಸತ್ತವರಿಗೆ ಕೊಡೋ ಹಣದಲ್ಲಿ ಬದುಕಿರೋರಿಗೆ ಔಷಧಿ ಕೊಡಿಸಬಹುದಲ್ವಾ ಅಮ್ಮಾ?”

“ಕೆಟ್ಟ ಮನುಷ್ಯ ಅಲ್ಲ. ಪ್ರಶ್ನೆನೂ ಕೆಟ್ಟದ್ದಲ್ಲ.”

ಹದಿನೈದು ದಿನಕ್ಕೆ ಒಂದೇ ಸಾಲಿನ ಪತ್ರ ಬಂತು. ‘ಫಲಾನುಭವಿಗಳಿಗಾಗುವ ಪ್ರಯೋಜನ ಸ್ಪಷ್ಟವಿಲ್ಲ.’ ವ್ಯಾನ್ ನಿಂತಿತು. ಮುಂದಿನ ಐದು ವಾರ ಸತ್ತವರು ಸ್ಮಶಾನಕ್ಕೆ ಹೋದದ್ದು ಕಸದ ಲಾರಿಯಲ್ಲಿ. ಫೋಟೊ ಇಲ್ಲ, ಪೊಟ್ಟಣವಿಲ್ಲ, ಗುಂಡಿಯ ಮೇಲೆ ನಂಬರೂ ಇಲ್ಲ. ಒಂಬತ್ತು ಜನ.

“ಆ ಒಂಬತ್ತು ಜನರ ಮನೆಯವರು ಇವತ್ತು ಬಾಗಿಲಿಗೆ ಬಂದರೆ ತೋರಿಸೋಕೆ ನನ್ನ ಹತ್ರ ಒಂದು ಅಂಗಿ ಬಟನ್ ಕೂಡ ಇಲ್ಲ,” ಎನ್ನುತ್ತಾರೆ ಅರ್ಜಿಯಕ್ಕ. ಕಿಟಕಿಯಾಚೆ ಶವಾಗಾರದ ಕಾವಲುಗಾರ ಅಂಗಳಕ್ಕೆ ನೀರು ಹೊಡೆಯುತ್ತಿದ್ದಾನೆ.

ಎರಡನೇ ವಾರ ಅವರು ಅಮ್ಮನ ಮುಂದೆ ಕುಳಿತರು. ಅಮ್ಮನಿಗೆ ಆಗ ಎಂಬತ್ತಮೂರು. ತರಕಾರಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡರು. “ಬರಿ. ಆದ್ರೆ ಅವನು ಕುಡೀತಿದ್ದ ಅಂತ ಮಾತ್ರ ಬರೀಬೇಡ” ಎಂದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದರು: “ಅದನ್ನೂ ಬರಿ ಕಣೇ. ಇಲ್ಲಾಂದ್ರೆ ಅಷ್ಟು ಒಳ್ಳೇವನು ಮನೆ ಯಾಕೆ ಬಿಟ್ಟ ಅಂತ ಕೇಳ್ತಾರೆ. ಆಗ ನಾವೇ ಓಡಿಸಿದ ಹಾಗಾಗುತ್ತೆ.”

ಆ ಅರ್ಜಿಯ ಪ್ರತಿಯನ್ನು ಅರ್ಜಿಯಕ್ಕ ನನ್ನ ಮುಂದಿಡುತ್ತಾರೆ. ಬದಲಾವಣೆಯನ್ನು ವಿವರಿಸಿ ಎಂಬಲ್ಲಿ ಹೀಗಿದೆ: ‘ನಮ್ಮ ಫಲಾನುಭವಿ ಸತ್ತವನ ತಾಯಿ. ಕುಡಿತದ ಮಗ ಮನೆ ಬಿಟ್ಟ ಮೇಲೆ ಆಕೆ ಹದಿನಾಲ್ಕು ವರ್ಷ ಫೋನಿನ ಪಕ್ಕದಲ್ಲೇ ಮಲಗಿದರು. ಸುದ್ದಿ ತಲುಪಿದ ಮೇಲೆ ಮೂರು ದಿನ ಊಟ ಮಾಡಲಿಲ್ಲ. ಮುಂದಿನ ವಾರ ಫೋನ್ ತೆಗೆಸಿದರು. ಮುಂದಿನ ತಿಂಗಳು ಬಿಸಿಲು ಬೀಳುವ ಮನೆಗೆ ಬಂದರು. ಈಗ ಒಳಗಿನ ಕೋಣೆಯಲ್ಲಿ ಮಲಗುತ್ತಾರೆ. ನಿದ್ದೆ ಬರುತ್ತದೆ. ಈ ಅರ್ಜಿ ಬರೆಯುತ್ತಿರುವವಳು ಆಕೆಯ ಮಗಳು.’

ಕಳಿಸಿದ ಹತ್ತನೇ ದಿನ ಅದೇ ಅಧಿಕಾರಿ ಫೋನ್ ಮಾಡಿದರು. “ಮಂಜೂರಾಗುತ್ತೋ ಇಲ್ಲವೋ ನಾನು ಹೇಳೋ ಹಾಗಿಲ್ಲ. ನಿಮ್ಮಮ್ಮ ಹೇಗಿದಾರೆ ಅಂತ ಕೇಳೋಣ ಅನ್ನಿಸ್ತು,” ಎಂದರು. ಮಂಜೂರಾಯಿತು. ಕೇಳಿದ್ದರಲ್ಲಿ ಮುಕ್ಕಾಲು ಪಾಲು, ಅದೂ ಮನೆಯವರನ್ನು ಹುಡುಕುವ ಕೆಲಸಕ್ಕೇ ಮೊದಲ ಆದ್ಯತೆ ಎಂಬ ಷರತ್ತಿನೊಂದಿಗೆ. ವ್ಯಾನ್ ಮತ್ತೆ ಓಡಿತು. ಅಲ್ಲಿಂದೀಚೆಗೆ ನಲವತ್ತೊಂದು ಮನೆಗಳಿಗೆ ಸುದ್ದಿ ಮುಟ್ಟಿದೆ.

ಎಲ್ಲ ಮನೆಯಲ್ಲೂ ನಿದ್ದೆ ಬಂದಿಲ್ಲ. ಒಬ್ಬ ಮಗಳು ಇದೇ ಬಾಗಿಲಲ್ಲಿ ನಿಂತು, ಎಲ್ಲೋ ಬದುಕಿದಾನೆ ಅಂದುಕೊಂಡು ನೆಮ್ಮದಿಯಾಗಿದ್ದೆ, ಯಾಕೆ ಹೇಳಿದ್ರಿ ಎಂದು ಕೂಗಾಡಿ ಅಪ್ಪನ ಪೊಟ್ಟಣ ಮುಟ್ಟದೆ ಹೋದಳು. ಆ ವರ್ಷದ ವರದಿಯಲ್ಲಿ ಅರ್ಜಿಯಕ್ಕ ಅದನ್ನೂ ಬರೆದರು. ಡ್ರೈವರಣ್ಣ ಬೇಡವೆಂದರೂ ಕೇಳಲಿಲ್ಲ. “ಅಮ್ಮ ಕುಡಿತವನ್ನೇ ಬರೆಸಿದ ಮೇಲೆ ನಾನು ಇದನ್ನ ಹೇಗೆ ಬಿಡಲಿ?”

ಒಂಬತ್ತು ಗಂಟೆ. ನಾನು ಹೊರಡುವ ಮೊದಲು ಸ್ಮಶಾನಕ್ಕೆ ಕರೆದೊಯ್ಯುತ್ತಾರೆ. ಆಸ್ಪತ್ರೆಯಿಂದ ಎರಡು ನಿಲ್ದಾಣ. ಗೋಡೆಯ ಪಕ್ಕದಲ್ಲಿ ಸಾಲುಸಾಲು ತಗಡು. ಅಲ್ಲಲ್ಲಿ ತುಕ್ಕು ನಂಬರನ್ನು ತಿಂದಿದೆ. ಹೆಸರು ಪತ್ತೆಯಾದವರಿಗಾದರೂ ಹೆಸರು ಕೆತ್ತಿದ ಸಣ್ಣ ಕಲ್ಲು ಹಾಕಿಸಬೇಕೆಂದು ಅರ್ಜಿಯಕ್ಕ ನಾಲ್ಕು ಕಡೆ ಅರ್ಜಿ ಹಾಕಿದ್ದಾರೆ. ನಾಲ್ಕು ಕಡೆಯಿಂದಲೂ ‘ಅತ್ಯಗತ್ಯವಲ್ಲ’ ಎಂದು ಬಂದಿದೆ. ಬೆಳಗ್ಗೆ ಗಟ್ಟಿಯಾಗಿ ಓದುತ್ತಿದ್ದದ್ದು ಐದನೆಯದು.

ನಾನೂರ ಹದಿನೇಳನೇ ತಗಡಿನ ಮುಂದೆ ನಿಂತು, ಬುಡದಲ್ಲಿ ಬೆಳೆದ ಹುಲ್ಲು ಕೀಳುತ್ತಾರೆ. ಅಣ್ಣನೊಬ್ಬನ ಕಲ್ಲನ್ನಾದರೂ ನೀವೇ ಹಾಕಿಸಬಹುದಿತ್ತಲ್ಲ ಎಂದು ಕೇಳುತ್ತೇನೆ.

“ಹಾಕಿಸಬಹುದಿತ್ತು. ಅಮ್ಮನೂ ಅದನ್ನೇ ಕೇಳ್ತಾಳೆ.” ಕೈಗಂಟಿದ ಮಣ್ಣು ಝಾಡಿಸಿಕೊಳ್ಳುತ್ತಾರೆ. “ಅಕ್ಕಪಕ್ಕದವರೆಲ್ಲ ನಂಬರಲ್ಲೇ ಇರ್ತಾರಲ್ಲ. ಇಷ್ಟು ವರ್ಷ ಜೊತೆಗೆ ಮಲಗಿದಾರೆ. ಎಲ್ಲರಿಗೂ ಬರಲಿ. ಆಗ ಅವನಿಗೂ ಬರುತ್ತೆ.”